ಅಮ್ಮನ ಇಜಿಎಫ್‌ಆರ್ 59 ಬಂದಿದೆ. ಈ 60ರ ಗೆರೆ ಎಳೆದವರು ಯಾರು?

ಮಳೆಗಾಲ:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 66 ವರ್ಷ. ಹತ್ತು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಶುಗರ್ ಇಲ್ಲ. ಹೋದ ವಾರ ಮಾಮೂಲಿ ರಕ್ತಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ) 1.05, ಪಕ್ಕದಲ್ಲಿ ನಾರ್ಮಲ್ ಅಂತಲೇ ಇದೆ. ಅದರ ಕೆಳಗಿನ ಸಾಲಿನಲ್ಲಿ ಇಜಿಎಫ್‌ಆರ್ 59 (ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಲೆಕ್ಕವಂತೆ), ಅದಕ್ಕೆ ಮಾತ್ರ ಕೆಂಪು ಬಣ್ಣ.

ರಾತ್ರಿಯೆಲ್ಲ ಕೂತು ಓದಿದೆ. 60ಕ್ಕಿಂತ ಕಡಿಮೆ ಇದ್ದರೆ ಹೃದಯಾಘಾತ, ಪಾರ್ಶ್ವವಾಯು, ಸಾವು, ಎಲ್ಲದರ ಅಪಾಯವೂ ಜಾಸ್ತಿ ಅಂತ ಲಕ್ಷಾಂತರ ಜನರ ಅಧ್ಯಯನಗಳಲ್ಲಿ ಕಂಡಿದೆಯಂತೆ. ನನಗೆ ಎರಡು ವಿಷಯ ಅರ್ಥ ಆಗುತ್ತಿಲ್ಲ. 60 ಬಂದಿದ್ದರೆ ಅಮ್ಮ ಆರಾಮ, 59 ಬಂದದ್ದಕ್ಕೆ ಕಿಡ್ನಿ ರೋಗಿ, ಇದು ಹೇಗೆ? ಮತ್ತೆ, ಎಲ್ಲೋ ಇರುವ ಲಕ್ಷ ಜನರ ಲೆಕ್ಕದಿಂದ ನಮ್ಮಮ್ಮ ಒಬ್ಬರ ಬಗ್ಗೆ ಏನು ಗೊತ್ತಾಗುತ್ತದೆ? ಅಮ್ಮನಿಗೆ ಇನ್ನೂ ಹೇಳಿಲ್ಲ. ತಿಳಿದವರು ದಯವಿಟ್ಟು ಬರೆಯಿರಿ.

ದಾರಿಹೋಕ:
ನೀರು ಸಾಲದೆ ಹೀಗಾಗಿರುತ್ತೆ. ದಿನಕ್ಕೆ ನಾಲ್ಕು ಲೀಟರ್ ಕುಡಿಸಿ, ಒಂದು ತಿಂಗಳಲ್ಲಿ ಸರಿಹೋಗುತ್ತೆ.

ಬಿಳಿಕೋಟು:
ದಾರಿಹೋಕ ಅವರೇ, ಬೇಡ. 66 ವರ್ಷದ ಬಿಪಿ ಇರುವವರಿಗೆ ಯಾರೂ ನೋಡದೆ ನಾಲ್ಕು ಲೀಟರ್ ಹೇಳಬಾರದು. ನೀರಿನ ಬಗ್ಗೆ ಕೆನಡಾದಲ್ಲಿ ಪ್ರಯೋಗವೇ ನಡೆದಿದೆ. ಕಿಡ್ನಿ ಕಾಯಿಲೆ ಮೂರನೇ ಹಂತದಲ್ಲಿದ್ದ (ಇಜಿಎಫ್‌ಆರ್ 30ರಿಂದ 59) 631 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನೀರು ಹೆಚ್ಚಿಸಿ ಅಂತ ಒಂದು ವರ್ಷ ಬೆನ್ನು ಹತ್ತಿ ಹೇಳಿದರು. 2018ರಲ್ಲಿ ಫಲಿತಾಂಶ ಬಂತು. ನೀರು ಹೆಚ್ಚಿಸಿದವರ ಇಜಿಎಫ್‌ಆರ್ 2.2 ಇಳಿದಿತ್ತು, ಇನ್ನೊಂದು ಗುಂಪಿನದು 1.9. ಲಾಭ ಏನೂ ಕಾಣಲಿಲ್ಲ. ಬಾಯಾರಿದಾಗ ಕುಡಿಯಲಿ, ಅಷ್ಟು ಸಾಕು.

ಮಳೆಗಾಲ ಅವರೇ, ಮೊದಲು ಸಮಾಧಾನ ಮಾಡಿಕೊಳ್ಳಿ. ಒಂದು ಸಲ 59 ಬಂದ ಮಾತ್ರಕ್ಕೆ ಕಿಡ್ನಿ ಕಾಯಿಲೆ ಅನ್ನುವುದಿಲ್ಲ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಹಾಗೇ ಇರಬೇಕು. ಇಲ್ಲದಿದ್ದರೆ ಕಿಡ್ನಿಗೆ ಪೆಟ್ಟಾಗಿದೆ ಅನ್ನುವ ಬೇರೆ ಗುರುತು ಅಷ್ಟು ಕಾಲ ಇರಬೇಕು. ಆ ಗುರುತು ಮುಖ್ಯವಾಗಿ ಸಿಗುವುದು ಮೂತ್ರದಲ್ಲಿ. ಎಸಿಆರ್ ಪರೀಕ್ಷೆ ಮಾಡಿಸಿದ್ದೀರಾ? ಮೂತ್ರದಲ್ಲಿ ಸೋರುವ ಅಲ್ಬುಮಿನ್ ಅನ್ನುವ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ ಅದು. ಅದಿಲ್ಲದೆ ಈ ಮಾತು ಅರ್ಧ ಮಾತ್ರ.

ಮಳೆಗಾಲ:
ಮೂತ್ರ ಪರೀಕ್ಷೆ ಯಾರೂ ಹೇಳಲಿಲ್ಲ ಸರ್. ರಕ್ತ ಮಾತ್ರ.

ಬಿಳಿಕೋಟು:
ಬಹಳ ಕಡೆ ಇದೇ ಕಥೆ. ಬಿಪಿ ಇರುವವರಿಗೆ ವರ್ಷಕ್ಕೊಮ್ಮೆ ಆಗಬೇಕಾದ ಪರೀಕ್ಷೆ. ನನಗೆ ತುಂಬಾ ಬೇಜಾರಾಗುವ ವಿಷಯ ಇದು.

ಅಂಕಿಬುಕ್ಕು:
60ರ ಗೆರೆಯ ಬಗ್ಗೆ ಕೇಳಿದ್ದೀರಿ, ನಾನು ಆರೋಗ್ಯದ ಅಂಕಿಅಂಶದ ಕೆಲಸದಲ್ಲಿ ಇರುವವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ‘ಇ’ ಅಕ್ಷರ. ಅಂದರೆ ಅಂದಾಜು. ನಿಮ್ಮಮ್ಮನ ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತದ್ರವ ಸೋಸುತ್ತದೆ ಅಂತ ಯಾರೂ ಅಳೆದಿಲ್ಲ. ಕ್ರಿಯಾಟಿನಿನ್, ವಯಸ್ಸು, ಹೆಣ್ಣೋ ಗಂಡೋ, ಈ ಮೂರನ್ನು ಸೂತ್ರಕ್ಕೆ ಹಾಕಿದ್ದಾರೆ. ಅದೇ 1.05 ಕ್ರಿಯಾಟಿನಿನ್ 30 ವರ್ಷದ ಗಂಡಸಿಗೆ ಬಂದಿದ್ದರೆ ಇಜಿಎಫ್‌ಆರ್ 98 ಆಗುತ್ತಿತ್ತು. ಅದಕ್ಕೇ ಮೇಲಿನ ಸಾಲು ನಾರ್ಮಲ್, ಕೆಳಗಿನದು ಕೆಂಪು. ಇನ್ನೊಂದು ವಿಷಯ ಕೇಳಿ. 59 ಬಂದಿದೆ ಅಂದರೆ ನಿಮ್ಮ ಲ್ಯಾಬ್ 2021ರ ಸಿಕೆಡಿ-ಎಪಿ ಸೂತ್ರ ಹಾಕಿದೆ. ಅದೇ ರಕ್ತಕ್ಕೆ 2009ರ ಸೂತ್ರ ಹಾಕಿದ್ದರೆ 55 ಬರುತ್ತಿತ್ತು. ಅಮ್ಮ ಅದೇ ಅಮ್ಮ, ಕಿಡ್ನಿ ಅದೇ ಕಿಡ್ನಿ, ಸೂತ್ರ ಮಾತ್ರ ಬೇರೆ.

ಈ ಅಂದಾಜು ಎಷ್ಟು ನಿಖರ? ಹತ್ತರಲ್ಲಿ ಎಂಟೊಂಬತ್ತು ಜನಕ್ಕೆ ಅದು ನಿಜವಾದ ಅಳತೆಯ 30 ಶೇಕಡಾ ಆಚೀಚೆಯೊಳಗೆ ಇರುತ್ತದೆ. ಇದೇ ಒಳ್ಳೆಯ ಸೂತ್ರದ ಗುಣಮಟ್ಟ. ಹಾಗಾಗಿ 59 ಮತ್ತು 60ರ ನಡುವೆ ಗೋಡೆ ಕಾಣಬೇಡಿ.

ಈಗ ಗೆರೆ. 2002ರಲ್ಲಿ ಅಮೆರಿಕದ ಕಿಡ್ನಿ ಫೌಂಡೇಶನ್‌ನ ಮಾರ್ಗಸೂಚಿ 60ರ ಗೆರೆ ಎಳೆದು ಹಂತಗಳನ್ನು ಮಾಡಿತು. ಯೌವನದ ಆರೋಗ್ಯವಂತರ ಸುಮಾರು ಅರ್ಧದಷ್ಟು ಅನ್ನುವ ಲೆಕ್ಕ. ಆಮೇಲೆ ಜನಸಮೂಹದ ದೊಡ್ಡ ಅಧ್ಯಯನಗಳು ಬಂದವು. 2004ರಲ್ಲಿ ಕ್ಯಾಲಿಫೋರ್ನಿಯಾದ 11 ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆ ತೆಗೆದು ನೋಡಿದರು. 60ರ ಮೇಲಿದ್ದವರಿಗೆ ಹೋಲಿಸಿದರೆ 45ರಿಂದ 59 ಇದ್ದವರ ಸಾವಿನ ಅಪಾಯ 1.2 ಪಟ್ಟು, 30ರಿಂದ 44ಕ್ಕೆ 1.8, 15ರಿಂದ 29ಕ್ಕೆ 3.2, ಅದಕ್ಕೂ ಕೆಳಗೆ 5.9. ನೋಡಿ, ಇದು ಇಳಿಜಾರು. ಮೊದಮೊದಲು ನಿಧಾನ, ಆಮೇಲೆ ಕಡಿದು. ಮೇಲುಭಾಗದಲ್ಲಿ ಎಲ್ಲೋ ಒಂದು ಕಡೆ ಕಂಬ ನೆಡಬೇಕಿತ್ತು, 60ರಲ್ಲಿ ನೆಟ್ಟರು. ನಿಮ್ಮಮ್ಮ ಆ ಕಂಬದ ಬುಡದಲ್ಲಿ ಇದ್ದಾರೆ, ಅಷ್ಟೇ.

ಸಂಜೆನಡಿಗೆ:
1.2 ಪಟ್ಟು ಅಂದರೆ 20 ಶೇಕಡಾ ಜಾಸ್ತಿ! ಅದು ಕಡಿಮೆಯಾ?

ಅಂಕಿಬುಕ್ಕು:
ಯಾವುದರ ಮೇಲೆ 20 ಶೇಕಡಾ ಅನ್ನುವುದು ಮುಖ್ಯ. ಸುಮ್ನೆ ಉದಾಹರಣೆಗೆ, ಒಂದು ವಯಸ್ಸಿನ 1000 ಜನರಲ್ಲಿ ವರ್ಷಕ್ಕೆ 10 ಜನ ಸಾಯುತ್ತಾರೆ ಅಂದುಕೊಳ್ಳಿ. 1.2 ಪಟ್ಟು ಅಂದರೆ 12. ಅಂದರೆ 988 ಜನಕ್ಕೆ ಆ ವರ್ಷ ಏನೂ ಆಗಲಿಲ್ಲ. ಆದರೆ ಕೋಟಿಗಟ್ಟಲೆ ಜನರ ಲೆಕ್ಕದಲ್ಲಿ ಆ ಎರಡು ಬಹಳ ದೊಡ್ಡದಾಗುತ್ತದೆ. ಎರಡೂ ನಿಜ. ಮನೆಯಲ್ಲಿ ಒಬ್ಬರಿಗೆ ಧೈರ್ಯ ಹೇಳುವಾಗ ಮೊದಲನೆಯದು, ಸರ್ಕಾರ ಯೋಜನೆ ಮಾಡುವಾಗ ಎರಡನೆಯದು.

ಪ್ರಶ್ನಾರ್ಥಕ:
ನನಗೆ ಇದರಲ್ಲಿ ಒಂದು ತಕರಾರಿದೆ. ವಯಸ್ಸಾದಂತೆ ಕೂದಲು ನೆರೆಯುತ್ತದೆ, ಕಣ್ಣು ಮಂಜಾಗುತ್ತದೆ, ಕಿಡ್ನಿಯೂ ನಿಧಾನ ಆಗುತ್ತದೆ. ಅದನ್ನು ಕಾಯಿಲೆ ಅಂತ ಕರೆದು ಕೋಟ್ಯಂತರ ಅಜ್ಜ ಅಜ್ಜಿಯರನ್ನು ರೋಗಿ ಮಾಡಿದ್ದೀರಿ. 25 ವರ್ಷದವನಿಗೂ 60, 80 ವರ್ಷದವರಿಗೂ 60, ಒಂದೇ ಗೆರೆ ಯಾವ ನ್ಯಾಯ? ಕೆಲವು ಕಿಡ್ನಿ ತಜ್ಞರೇ ಇದನ್ನು ಬರೆದಿದ್ದಾರೆ. 40ಕ್ಕಿಂತ ಕಿರಿಯರಿಗೆ 75, 65 ದಾಟಿದವರಿಗೆ 45, ನಡುವಿನವರಿಗೆ 60, ಹೀಗೆ ಮಾಡಿ ಅಂತ. ಹಾಗೆ ಮಾಡಿದರೆ ಮಳೆಗಾಲ ಅವರ ಅಮ್ಮನಿಗೆ ಕೆಂಪು ಬಣ್ಣವೇ ಬರುತ್ತಿರಲಿಲ್ಲ.

ಬಿಳಿಕೋಟು:
ನಿಮ್ಮ ತಕರಾರಿನಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ‘ಎಲ್ಲರಿಗೂ ಇಳಿಯುತ್ತದೆ’ ಅನ್ನುವುದು ಸರಿಯಲ್ಲ. ಬಾಲ್ಟಿಮೋರ್‌ನಲ್ಲಿ 1958ರಲ್ಲಿ ಶುರುವಾದ ವಯಸ್ಸಾಗುವಿಕೆಯ ಅಧ್ಯಯನ ಇದೆ. ಅದೇ ಜನರ ಕಿಡ್ನಿ ಎಷ್ಟು ಸೋಸುತ್ತದೆ ಅಂತ ವರ್ಷಗಟ್ಟಲೆ ಮತ್ತೆ ಮತ್ತೆ ಅಳೆದರು. ಸರಾಸರಿ ಇಳಿಕೆ ವರ್ಷಕ್ಕೆ 0.75. ಆದರೆ ಮೂರರಲ್ಲಿ ಒಬ್ಬರಿಗೆ ಇಳಿಕೆಯೇ ಇರಲಿಲ್ಲ! ಹಾಗಿದ್ದ ಮೇಲೆ ಇಳಿದ ಉಳಿದವರನ್ನು ನೋಡಿ ‘ವಯಸ್ಸಾಯಿತು ಬಿಡಿ’ ಅಂತ ಕೈ ತೊಳೆದುಕೊಳ್ಳುವುದು ಹೇಗೆ?

ಅಂಕಿಬುಕ್ಕು:
ಇದಕ್ಕೆ ಸೇರಿಸುತ್ತೇನೆ. 2012ರಲ್ಲಿ 46 ಅಧ್ಯಯನಗಳ 20 ಲಕ್ಷಕ್ಕೂ ಹೆಚ್ಚು ಜನರನ್ನು ವಯಸ್ಸಿನ ಪ್ರಕಾರ ಬೇರೆ ಮಾಡಿ ನೋಡಿದರು. ಎಷ್ಟು ಪಟ್ಟು ಅನ್ನುವ ಲೆಕ್ಕ ವಯಸ್ಸಾದವರಲ್ಲಿ ಚಿಕ್ಕದು, ಪ್ರಶ್ನಾರ್ಥಕ ಅವರು ಹೇಳುವ ಹಾಗೆಯೇ. ಆದರೆ ಹೆಚ್ಚಿಗೆ ಎಷ್ಟು ಜನ ಸಾಯುತ್ತಾರೆ ಅನ್ನುವ ಲೆಕ್ಕ ವಯಸ್ಸಾದವರಲ್ಲೇ ದೊಡ್ಡದು. ಯಾಕೆಂದರೆ ಅವರ ಮೂಲ ಅಪಾಯವೇ ಜಾಸ್ತಿ. ಒಂದೇ ಅಧ್ಯಯನದಿಂದ ಇಬ್ಬರೂ ತಮ್ಮ ವಾದಕ್ಕೆ ಬಲ ತೆಗೆದುಕೊಳ್ಳುತ್ತಾರೆ.

ಪ್ರಶ್ನಾರ್ಥಕ:
ಸರಿ. ಆದರೂ ಪದ ಬದಲಾಯಿಸಿ. ‘ಕಾಯಿಲೆ’ ಅಂದ ಕೂಡಲೇ ಮನುಷ್ಯ ಕುಸಿಯುತ್ತಾನೆ. ನಮ್ಮ ದೊಡ್ಡಪ್ಪ ಹಾಗೆ ಕುಸಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಚೀಟಿ ಓದಿದ ದಿನದಿಂದ ಡಯಾಲಿಸಿಸ್ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಒಂಬತ್ತು ವರ್ಷ ಬದುಕಿದ್ದರು, ಡಯಾಲಿಸಿಸ್ ಬೇಕಾಗಲೇ ಇಲ್ಲ. ಆ ಒಂಬತ್ತು ವರ್ಷ ಹೆದರಿಕೆಯಲ್ಲೇ ಹೋಯಿತು.

ತಂಗಾಳಿ:
ನಿಮ್ಮ ದೊಡ್ಡಪ್ಪನ ವಿಷಯ ಓದಿ ಸಂಕಟ ಆಯಿತು.

ಬಿಳಿಕೋಟು:
ಈ ಹೆದರಿಕೆಗೆ ಜನಸಮೂಹದ ಲೆಕ್ಕದಲ್ಲೇ ಉತ್ತರ ಇದೆ. ಅಮೆರಿಕದಲ್ಲಿ ಸುಮಾರು 28 ಸಾವಿರ ಜನರನ್ನು ಐದು ವರ್ಷ ಹಿಂಬಾಲಿಸಿ 2004ರಲ್ಲಿ ಬರೆದರು. ಮೂರನೇ ಹಂತದವರಲ್ಲಿ ಡಯಾಲಿಸಿಸ್ ಅಥವಾ ಕಸಿಗೆ ಹೋದವರು 1.3 ಶೇಕಡಾ. ತೀರಿಕೊಂಡವರು 24.3 ಶೇಕಡಾ. ಈ ಎರಡನೇ ಅಂಕಿ ನೋಡಿ ಗಾಬರಿಯಾಗಬೇಡಿ, ಅವರಲ್ಲಿ ಬಹಳ ಜನ ಹಿರಿಯರು, ಶುಗರ್ ಮತ್ತು ಹೃದಯದ ತೊಂದರೆ ಇದ್ದವರು. ನಾನು ಹೇಳಬೇಕಾದದ್ದು ಇಷ್ಟು: ಈ ಹಂತದಲ್ಲಿ ಕಾಯಬೇಕಾದದ್ದು ಹೃದಯವನ್ನು. ಜನ ಡಯಾಲಿಸಿಸ್‌ಗೆ ಹೆದರಿ ಕೂರುತ್ತಾರೆ, ಬಿಪಿ 150 ಇದ್ದರೂ ಬಿಟ್ಟುಬಿಡುತ್ತಾರೆ.

ಮಳೆಗಾಲ:
ಕಿಡ್ನಿಗೂ ಹೃದಯಕ್ಕೂ ಏನು ಸಂಬಂಧ ಸರ್? ಇದು ನನಗೆ ಗೊತ್ತೇ ಇರಲಿಲ್ಲ.

ಬಿಳಿಕೋಟು:
ಕಿಡ್ನಿ ಅಂದರೆ ಸಣ್ಣ ರಕ್ತನಾಳಗಳ ಗೊಂಚಲು. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕ. ಬಿಪಿ, ಶುಗರ್, ಸಿಗರೇಟು ಹೃದಯದ ನಾಳ ಕೆಡಿಸುವಾಗ ಇವನ್ನೂ ಕೆಡಿಸುತ್ತವೆ. ಅದು ಒಂದು ದಾರಿ. ಇನ್ನೊಂದು, ಕಿಡ್ನಿ ಸೋತರೆ ಉಪ್ಪು ನೀರು ಒಳಗೆ ನಿಲ್ಲುತ್ತದೆ, ಬಿಪಿ ಏರುತ್ತದೆ, ರಕ್ತ ಕಡಿಮೆಯಾಗುತ್ತದೆ, ಫಾಸ್ಫೇಟ್ ಏರಿ ನಾಳದ ಗೋಡೆಗೆ ಸುಣ್ಣ ಕಟ್ಟುತ್ತದೆ. ಮೂರನೆಯದು ತಿರುಗುಮುರುಗು. ಹೃದಯವೇ ಸೋತರೆ ಕಿಡ್ನಿಗೆ ರಕ್ತ ಸಾಲದೆ ಇಜಿಎಫ್‌ಆರ್ ಇಳಿಯುತ್ತದೆ. ಯಾರಲ್ಲಿ ಯಾವುದು ಮೊದಲು ಅಂತ ಬಿಡಿಸುವುದು ಕಷ್ಟ. 2023ರಲ್ಲಿ ಅಮೆರಿಕದ ಹೃದಯ ಸಂಘ ತಂದ ‘ಪ್ರಿವೆಂಟ್’ ಅನ್ನುವ ಹೃದಯದ ಅಪಾಯದ ಲೆಕ್ಕದಲ್ಲಿ ಕೊಲೆಸ್ಟ್ರಾಲ್, ಬಿಪಿ ಜೊತೆ ಇಜಿಎಫ್‌ಆರ್ ಕೂಡ ಸೇರಿದೆ.

ಕಬ್ಬಿಣದ_ತೋಳು:
ನನ್ನದೂ ಕೇಳಿ. ವಯಸ್ಸು 29, ವೇಟ್‌ಲಿಫ್ಟಿಂಗ್ ಮಾಡುತ್ತೇನೆ. ಕ್ರಿಯೇಟಿನ್ ಪುಡಿ ತೆಗೆದುಕೊಳ್ಳುತ್ತಿದ್ದೆ. ಇಜಿಎಫ್‌ಆರ್ 68 ಬಂತು. ವಿಮೆಯವರು ಅದನ್ನೇ ಹಿಡಿದು ಅರ್ಜಿ ತಡೆಹಿಡಿದರು. ಕೊನೆಗೆ ಒಬ್ಬ ವೈದ್ಯರು ಪುಡಿ ನಿಲ್ಲಿಸಿ, ಕ್ರಿಯಾಟಿನಿನ್ ಬದಲು ಸಿಸ್ಟಾಟಿನ್-ಸಿ ಅನ್ನುವ ಇನ್ನೊಂದು ರಕ್ತಪರೀಕ್ಷೆ ಮಾಡಿಸಿದರು. ಅದರ ಪ್ರಕಾರ 104. ನಾಲ್ಕು ತಿಂಗಳು ನಿದ್ದೆ ಕೆಟ್ಟಿತ್ತು.

ಲ್ಯಾಬ್_ಕಿಟಕಿ:
ಕ್ರಿಯಾಟಿನಿನ್ ಬರುವುದೇ ಮಾಂಸಖಂಡದಿಂದ. ಖಂಡ ಜಾಸ್ತಿ ಇದ್ದರೆ ಕಿಡ್ನಿ ಚೆನ್ನಾಗಿದ್ದರೂ ಏರುತ್ತೆ. ಪರೀಕ್ಷೆಗೆ ಕೆಲವೇ ಗಂಟೆ ಮುಂಚೆ ಬೇಯಿಸಿದ ಮಾಂಸ ಹೊಟ್ಟೆತುಂಬ ತಿಂದಿದ್ದರೂ ಏರುತ್ತೆ. ಟ್ರೈಮೆಥೋಪ್ರಿಮ್ ಅಂತ ಒಂದು ಆಂಟಿಬಯೋಟಿಕ್ ಇದೆ, ಅದು ಸೋಸುವಿಕೆ ತಗ್ಗಿಸದಿದ್ದರೂ ಕ್ರಿಯಾಟಿನಿನ್ ಏರಿಸುತ್ತೆ. ನಾವು ಕೌಂಟರ್‌ನಲ್ಲಿ ಇದನ್ನೆಲ್ಲ ಕೇಳಬೇಕು, ಸಾಲು ಉದ್ದ ಇದ್ದಾಗ ಯಾರೂ ಕೇಳುವುದಿಲ್ಲ. ಸಿಸ್ಟಾಟಿನ್-ಸಿಗೆ ಖಂಡದ ಕಾಟ ಕಡಿಮೆ. ಆದರೆ ಅದಕ್ಕೂ ಅದರದೇ ತೊಂದರೆ ಇದೆ. ಥೈರಾಯಿಡ್ ಏರುಪೇರು, ಸ್ಟೀರಾಯ್ಡ್ ಮಾತ್ರೆ, ಬೊಜ್ಜು, ಸಿಗರೇಟು ಇದ್ದರೆ ಅದೂ ಏರುಪೇರಾಗುತ್ತೆ.

ಹಿತ್ತಲಗಿಡ:
ನಮ್ಮ ಮನೆಯಲ್ಲಿ ಇದರ ಉಲ್ಟಾ ಆಯಿತು. ಅಪ್ಪ ಪಾರ್ಶ್ವವಾಯು ಆಗಿ ಎರಡು ವರ್ಷ ಮಲಗಿದ್ದರು. ಇಜಿಎಫ್‌ಆರ್ 110 ಬಂತು. 74 ವರ್ಷಕ್ಕೆ 110 ಅಂತ ನಾವೆಲ್ಲ ಖುಷಿಪಟ್ಟೆವು, ಕಿಡ್ನಿ ಗಟ್ಟಿ ಅಂದೆವು. ಆ ನಂಬಿಕೆಯಲ್ಲೇ ಒಂದು ಔಷಧಿ ಪೂರ್ತಿ ಡೋಸ್ ಕೊಟ್ಟರು, ಮೈಮೇಲೆ ಎಚ್ಚರ ತಪ್ಪಿತು. ಆಸ್ಪತ್ರೆಗೆ ಸೇರಿಸಿದ ಮೇಲೆ ಸಿಸ್ಟಾಟಿನ್-ಸಿ ನೋಡಿದರೆ 48. ಕಾಲು ತೋಳು ಕಡ್ಡಿಯಾಗಿದ್ದವು, ಖಂಡವೇ ಇರಲಿಲ್ಲ, ಕ್ರಿಯಾಟಿನಿನ್ ಎಲ್ಲಿಂದ ಬರಬೇಕು? ಹಾಸಿಗೆ ಹಿಡಿದವರ ಇಜಿಎಫ್‌ಆರ್ ಚೆನ್ನಾಗಿ ಬಂದರೆ ನಂಬಬೇಡಿ. ಯಾರಿಗಾದರೂ ಉಪಯೋಗ ಆಗಲಿ ಅಂತ ಬರೆದೆ.

ಅಂಕಿಬುಕ್ಕು:
ಹಿತ್ತಲಗಿಡ ಅವರೇ, ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಅಪ್ಪನಿಗೆ ಆದದ್ದು ದೊಡ್ಡ ಅಧ್ಯಯನಗಳ ಗ್ರಾಫ್‌ನಲ್ಲೂ ಕಾಣುತ್ತದೆ. ಇಜಿಎಫ್‌ಆರ್ ಇಳಿದಂತೆ ಸಾವು ಏರಬೇಕು, ಅದು ಸರಿ. ಆದರೆ ತೀರಾ ಮೇಲೆ, 105 ದಾಟಿದಲ್ಲಿ, ಗೆರೆ ಮತ್ತೆ ಮೇಲಕ್ಕೆ ಬಾಗುತ್ತದೆ. ತೊಟ್ಟಿಲಿನ ಹಾಗೆ. ಮೊದಮೊದಲು ಗೊಂದಲ ಇತ್ತು, ಕಿಡ್ನಿ ಚೆನ್ನಾಗಿದ್ದರೆ ಯಾಕೆ ಸಾಯಬೇಕು ಅಂತ. ಅಲ್ಲಿ ಇದ್ದವರಲ್ಲಿ ಬಹಳ ಜನ ನಿಮ್ಮ ಅಪ್ಪನಂಥವರು. ಬೇರೆ ಕಾಯಿಲೆಯಿಂದ ಸೊರಗಿ ಖಂಡ ಕಳೆದುಕೊಂಡವರು. ಸಿಸ್ಟಾಟಿನ್-ಸಿ ಹಾಕಿ ಲೆಕ್ಕ ಮಾಡಿದರೆ ಆ ಬಾಗು ಬಹುಮಟ್ಟಿಗೆ ಮಾಯ ಆಗುತ್ತದೆ.

ಒಂದೇ_ಕಿಡ್ನಿ:
ನಾನು ಅಕ್ಕನಿಗೆ ಕಿಡ್ನಿ ಕೊಟ್ಟವಳು. 11 ವರ್ಷ ಆಯಿತು. ನನ್ನ ಇಜಿಎಫ್‌ಆರ್ 62 ಸುತ್ತಮುತ್ತ ಇರುತ್ತದೆ, ಒಮ್ಮೆ 58 ಬಂದಿತ್ತು. ಮೂತ್ರದಲ್ಲಿ ಅಲ್ಬುಮಿನ್ ಇಲ್ಲ, ಬಿಪಿ ಇಲ್ಲ. ಹೊಸ ವೈದ್ಯರ ಹತ್ತಿರ ಹೋದಾಗಲೆಲ್ಲ ‘ನಿಮಗೆ ಕಿಡ್ನಿ ಕಾಯಿಲೆ’ ಅಂತ ಬರೆಯಲು ಹೋಗುತ್ತಾರೆ, ನಾನು ವಿವರಿಸಬೇಕು. ಕೊಟ್ಟದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ಆದರೆ ಕೊಡುವ ಮುಂಚೆ ನನಗೆ ಒಬ್ಬರು ‘ನಿಮ್ಮ ಅಪಾಯ ಸಾಮಾನ್ಯ ಜನಕ್ಕಿಂತ ಕಡಿಮೆ’ ಅಂದಿದ್ದರು, ಆಮೇಲೆ ಇನ್ನೊಬ್ಬರು ‘ಎಂಟು ಪಟ್ಟು ಜಾಸ್ತಿ’ ಅಂದರು. ಯಾವುದು ನಿಜ?

ಅಂಕಿಬುಕ್ಕು:
ಅಕ್ಕ, ಎರಡೂ ಒಂದೇ ಅಧ್ಯಯನದಿಂದ ಬಂದದ್ದು. ಅಮೆರಿಕದಲ್ಲಿ ಕಿಡ್ನಿ ಕೊಟ್ಟ 96,217 ಜನರ ಲೆಕ್ಕ, 2014ರಲ್ಲಿ ಬಂತು. ಜೀವಮಾನದಲ್ಲಿ ಕಿಡ್ನಿ ಪೂರ್ತಿ ಸೋಲುವ ಅಪಾಯ ದಾನಿಗಳಲ್ಲಿ 10,000ಕ್ಕೆ 90. ಎಲ್ಲ ಥರದ ಜನ ಇರುವ ಸಾಮಾನ್ಯ ಸಮೂಹದಲ್ಲಿ 326. ನಿಮಗೆ ಮೊದಲು ಹೇಳಿದವರು ಇದನ್ನು ನೋಡಿದ್ದಾರೆ. ಆದರೆ ದಾನಿಗಳನ್ನು ಆರಿಸುವಾಗಲೇ ಜರಡಿ ಹಿಡಿದಿರುತ್ತಾರೆ, ಬಿಪಿ ಶುಗರ್ ಇದ್ದವರನ್ನು ಬಿಡುತ್ತಾರೆ. ಹಾಗಾಗಿ ಅದೇ ಜರಡಿಯಲ್ಲಿ ಪಾಸಾಗುವಷ್ಟು ಆರೋಗ್ಯ ಇದ್ದು ಕಿಡ್ನಿ ಕೊಡದವರ ಜೊತೆ ಹೋಲಿಸಬೇಕು. ಅವರಲ್ಲಿ 10,000ಕ್ಕೆ 14. 15 ವರ್ಷದ ಲೆಕ್ಕ ತೆಗೆದರೆ ದಾನಿಗಳಲ್ಲಿ 10,000ಕ್ಕೆ 30.8, ಅವರಲ್ಲಿ 3.9. ಎಂಟು ಪಟ್ಟು ಬಂದದ್ದು ಇಲ್ಲಿಂದ. ಎಂಟು ಪಟ್ಟು ಆದರೂ 10,000ಕ್ಕೆ 31 ಜನ. ಕೊಡುವ ಮುಂಚೆ ಈ ಎಲ್ಲ ಅಂಕಿಗಳನ್ನೂ ನಿಮ್ಮ ಮುಂದೆ ಇಡಬೇಕಿತ್ತು. ಅದು ನಿಮ್ಮ ಹಕ್ಕಾಗಿತ್ತು.

ಒಂದೇ_ಕಿಡ್ನಿ:
ಈಗ ಅರ್ಥ ಆಯಿತು. 31 ಅಂತ ಹೇಳಿದ್ದರೂ ಕೊಡುತ್ತಿದ್ದೆ. ತಿಳಿದು ಕೊಡುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಹಳೇಸರ್ವೆ:
ಇಷ್ಟು ಹೊತ್ತು ಓದುತ್ತಿದ್ದೆ. ನಾನು ಆರೋಗ್ಯ ಸಮೀಕ್ಷೆಯಲ್ಲಿ ಮನೆ ಮನೆ ತಿರುಗಿ ಕೆಲಸ ಮಾಡಿದವನು. ಈ ಲಕ್ಷ ಜನ ಎಲ್ಲಿಂದ ಬರುತ್ತಾರೆ ಅಂತ ಯಾರೂ ಬರೆಯಲಿಲ್ಲ, ಅದಕ್ಕೆ ಬರೆಯುತ್ತೇನೆ.

ಮೊದಲ ದಿನ ರಕ್ತ ಕೊಡಲು ಜನ ಬರುತ್ತಾರೆ. ಮೂರು ತಿಂಗಳು ಬಿಟ್ಟು ಮತ್ತೆ ಹೋದರೆ ಬಾಗಿಲು ತೆಗೆಯುವುದಿಲ್ಲ. ಮೂತ್ರದ ಡಬ್ಬಿ ಕೊಟ್ಟರೆ ನಾಚಿಕೆ, ಅದರಲ್ಲೂ ಹೆಂಗಸರಿಗೆ. ಹಾಗಾಗಿ ಬಹಳ ಸಮೀಕ್ಷೆಗಳು ಒಂದೇ ಸಲದ ಅಳತೆಯ ಮೇಲೆ ‘ಇಷ್ಟು ಜನಕ್ಕೆ ಕಿಡ್ನಿ ಕಾಯಿಲೆ’ ಅಂತ ಬರೆಯುತ್ತವೆ. ಎರಡನೇ ಸಲ ಅಳೆದರೆ ಅವರಲ್ಲಿ ಎಷ್ಟೋ ಜನ ಗೆರೆಯ ಮೇಲೆ ಬಂದಿರುತ್ತಾರೆ. 2017ರಲ್ಲಿ ಜಗತ್ತಿನಲ್ಲಿ 69.75 ಕೋಟಿ ಜನಕ್ಕೆ, ಅಂದರೆ 9.1 ಶೇಕಡಾ ಜನಕ್ಕೆ ಈ ಕಾಯಿಲೆ ಅನ್ನುವ ಅಂಕಿ ಎಲ್ಲ ಕಡೆ ಓದುತ್ತೀರಲ್ಲ, ಅದರ ಅಡಿಯಲ್ಲಿ ಇಂಥ ಎಷ್ಟೋ ಒಂದೇ ಸಲದ ಅಳತೆಗಳಿವೆ. ಕಾಯಿಲೆ ದೊಡ್ಡದು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅಂಕಿಯ ಕೊನೆಯ ಅಕ್ಷರದವರೆಗೆ ನಂಬಬೇಡಿ.

ಬಾಗಿಲು ಮುಚ್ಚುವವರೂ ಲೆಕ್ಕವನ್ನು ಬದಲಾಯಿಸುತ್ತಾರೆ. ಬ್ರಿಟನ್‌ನ ಬಯೋಬ್ಯಾಂಕ್ ಸುಮಾರು 92 ಲಕ್ಷ ಜನರನ್ನು ಕರೆಯಿತು, ಬಂದವರು 5 ಲಕ್ಷ. ಬಂದವರು ಬರದವರಿಗಿಂತ ಆರೋಗ್ಯವಂತರು, ಸಿಗರೇಟು ಕಡಿಮೆ ಸೇದುವವರು.

ತಂಗಾಳಿ:
ಹಾಗಾದರೆ ಬಡವರ, ಕೂಲಿಯವರ ಕಿಡ್ನಿ ಲೆಕ್ಕಕ್ಕೇ ಬರುವುದಿಲ್ಲವಾ?

ಹಳೇಸರ್ವೆ:
ಕಡಿಮೆ ಬರುತ್ತದೆ. ಮಧ್ಯ ಅಮೆರಿಕದ ಕಬ್ಬಿನ ಹೊಲಗಳಲ್ಲಿ, ಶ್ರೀಲಂಕಾದ ಭತ್ತದ ಸೀಮೆಯಲ್ಲಿ ದುಡಿಯುವ ವಯಸ್ಸಿನವರ ಕಿಡ್ನಿ ಸೋಲುತ್ತಿದೆ. ಅವರಿಗೆ ಶುಗರ್ ಇಲ್ಲ, ಬಿಪಿ ಇಲ್ಲ. ಬಿಸಿಲಲ್ಲಿ ಬೆವರಿ ಬೆವರಿ ಆಗುವ ಪೆಟ್ಟು, ನೀರು, ಕೀಟನಾಶಕ, ಹೀಗೆ ಹಲವು ಅನುಮಾನಗಳಿವೆ, ಒಮ್ಮತ ಇಲ್ಲ. ಕಾಯಿಲೆಯ ಹೆಸರೇ ‘ಕಾರಣ ತಿಳಿಯದ ಕಿಡ್ನಿ ಕಾಯಿಲೆ’. ಮಧ್ಯಾಹ್ನ ಹೊಲದಲ್ಲಿ ಇರುವವನು ಆ ಹೊತ್ತಿನ ಕ್ಯಾಂಪಿಗೆ ಬರುವುದು ಹೇಗೆ? ನಾವೇ ಹೊಲಕ್ಕೆ ಹೋಗಬೇಕು.

ದಾರಿಹೋಕ:
ಬೆವರಿ ಕಿಡ್ನಿ ಹೋಗುತ್ತೆ ಅಂದಮೇಲೆ ನೀರು ಕುಡಿಯಿರಿ ಅಂದದ್ದು ತಪ್ಪಾ?

ಬಿಳಿಕೋಟು:
ಬಿಸಿಲಲ್ಲಿ ದುಡಿಯುವವರಿಗೆ ತಪ್ಪೇ ಅಲ್ಲ. ನೀರು, ನೆರಳು, ವಿರಾಮ ಮೂರೂ ಬೇಕು. ಮನೆಯಲ್ಲಿ ಕೂತ 66 ವರ್ಷದವರಿಗೆ ನಾಲ್ಕು ಲೀಟರ್ ಬೇಡ ಅಂದೆ.

ದಾರಿಹೋಕ:
ಸರಿ ಸರ್, ಒಪ್ಪಿದೆ.

ಓದುಗ_77:
ಅಂಕಿಬುಕ್ಕು ಅವರೇ, 2009 ಮತ್ತು 2021ರ ಸೂತ್ರ ಬೇರೆ ಅಂದಿರಲ್ಲ, ಯಾಕೆ ಬದಲಾಯಿಸಿದರು?

ಅಂಕಿಬುಕ್ಕು:
ಅದು ನೋವಿನ ಕಥೆ. ಹಳೆಯ ಸೂತ್ರಗಳಲ್ಲಿ ಅಮೆರಿಕದ ಕಪ್ಪು ಜನರಿಗೆ ಬೇರೆ ಗುಣಕ ಇತ್ತು. 2009ರ ಸೂತ್ರದಲ್ಲಿ 1.159ರಿಂದ ಗುಣಿಸುತ್ತಿದ್ದರು, ಅದಕ್ಕೂ ಹಿಂದಿನದರಲ್ಲಿ 1.212ರಿಂದ. ಅದೇ ರಕ್ತ, ಅದೇ ವಯಸ್ಸು, ಆದರೂ ಅವರ ಕಿಡ್ನಿ 16 ಶೇಕಡಾ ಚೆನ್ನಾಗಿದೆ ಅಂತ ಕಾಗದದಲ್ಲಿ ಬರುತ್ತಿತ್ತು. ಕಸಿ ಪಟ್ಟಿಯಲ್ಲಿ ಕಾಯುವ ದಿನ ಶುರುವಾಗಲು 20ಕ್ಕೆ ಇಳಿಯಬೇಕು. ಹಾಗಾಗಿ ಅವರ ಲೆಕ್ಕ ತಡವಾಗಿ ಶುರುವಾಗುತ್ತಿತ್ತು. 2021ರಲ್ಲಿ ಜನಾಂಗ ಬಿಟ್ಟು ಸೂತ್ರ ಮಾಡಿದರು. 2023ರಿಂದ ಹಳೆಯ ಲೆಕ್ಕದಿಂದ ಕಳೆದುಹೋದ ಕಾಯುವ ದಿನಗಳನ್ನು ಅವರಿಗೆ ಮರಳಿ ಸೇರಿಸಬೇಕು ಅಂತ ನಿಯಮ ಆಯಿತು. ಒಂದು ಗುಣಕ ಎಷ್ಟು ಜನರ ವರ್ಷಗಳನ್ನು ತಿಂದಿತು ನೋಡಿ.

ಓದುಗ_77:
ಓದಿ ಮೈ ಜುಂ ಅಂದಿತು.

ಪ್ರಶ್ನಾರ್ಥಕ:
ಸೂತ್ರದಲ್ಲಿ ಇಷ್ಟು ತಪ್ಪಾಗಬಹುದು ಅಂದಮೇಲೆ ನಾನು ಕೇಳುವ ಪ್ರಶ್ನೆಗಳು ಬೇಕು ಅಲ್ವಾ?

ಅಂಕಿಬುಕ್ಕು:
ಖಂಡಿತ ಬೇಕು. ಪ್ರಶ್ನೆ ಕೇಳಿದವರಿಂದಲೇ ಅದು ಬದಲಾದದ್ದು.

ಹಳೇಸರ್ವೆ:
ಮೂತ್ರದ ವಿಷಯಕ್ಕೆ ಮತ್ತೆ ಬರುತ್ತೇನೆ, ಅದನ್ನು ಹೇಳದೆ ಹೋದರೆ ನನಗೆ ಸಮಾಧಾನ ಇಲ್ಲ. ನೆದರ್ಲೆಂಡ್ಸ್‌ನಲ್ಲಿ ಗ್ರೋನಿಂಗೆನ್ ಅಂತ ನಗರ. 1997-98ರಲ್ಲಿ ಅಲ್ಲಿನ 28ರಿಂದ 75 ವರ್ಷದ ಎಲ್ಲರಿಗೂ, 85,421 ಜನಕ್ಕೆ, ಒಂದು ಸಣ್ಣ ಪ್ರಶ್ನಾವಳಿ ಕಳಿಸಿ ಬೆಳಗಿನ ಮೂತ್ರ ಒಂದು ಸಣ್ಣ ಶೀಷೆಯಲ್ಲಿ ಕಳಿಸಿ ಅಂದರು. 40,856 ಜನ ಕಳಿಸಿದರು! ಮನೆ ಮನೆ ಅಲೆದ ನನಗೆ ಆ ಸಂಖ್ಯೆ ನೋಡಿ ಕಣ್ಣು ತುಂಬಿತ್ತು. ಸುಮಾರು ಎರಡೂವರೆ ವರ್ಷ ಆದಮೇಲೆ ನೋಡಿದರೆ, ಮೂತ್ರದ ಅಲ್ಬುಮಿನ್ ದುಪ್ಪಟ್ಟಾದಂತೆಲ್ಲ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 1.29 ಪಟ್ಟಾಗುತ್ತಿತ್ತು. ಆಸ್ಪತ್ರೆಯ ರೋಗಿಗಳಲ್ಲಿ ಅಲ್ಲ, ಊರಿನ ಸಾಮಾನ್ಯ ಜನರಲ್ಲಿ. ಮೂತ್ರದಲ್ಲಿ ನೊರೆ ಕಾಣುವುದಕ್ಕೆ ಎಷ್ಟೋ ಮುಂಚೆ.

ಅಂಕಿಬುಕ್ಕು:
2010ರಲ್ಲಿ 21 ಅಧ್ಯಯನಗಳನ್ನು ಸೇರಿಸಿದಾಗಲೂ ಅದೇ ಕಂಡಿತು. ಇಜಿಎಫ್‌ಆರ್ 95ಕ್ಕೆ ಹೋಲಿಸಿದರೆ 60ರಲ್ಲಿ ಸಾವಿನ ಅಪಾಯ 1.18 ಪಟ್ಟು. ಎಸಿಆರ್ 5ಕ್ಕೆ ಹೋಲಿಸಿದರೆ 30ರಲ್ಲಿ 1.63 ಪಟ್ಟು. ಎರಡೂ ಒಂದಕ್ಕೊಂದು ಅಂಟಿಕೊಳ್ಳದೆ, ಬೇರೆ ಬೇರೆಯಾಗಿ ಅಪಾಯ ಹೇಳುತ್ತವೆ. ಅದಕ್ಕೇ ಈಗಿನ ಮಾರ್ಗಸೂಚಿಯಲ್ಲಿ ಎರಡನ್ನೂ ಸೇರಿಸಿದ ಕೋಷ್ಟಕ ಇದೆ. ಅಪಾಯ ಏರಿದಂತೆ ಹಸಿರು, ಹಳದಿ, ಕಿತ್ತಳೆ, ಕೆಂಪು. ಮಳೆಗಾಲ ಅವರೇ, ನಿಮ್ಮ ರಿಪೋರ್ಟಿನ ಆ ಒಂದು ಕೆಂಪು ಸಾಲಿನಿಂದ ನಿಮ್ಮಮ್ಮ ಕೋಷ್ಟಕದ ಯಾವ ಬಣ್ಣದ ಮನೆಯಲ್ಲಿ ಇದ್ದಾರೆ ಅಂತ ಹೇಳಲು ಆಗುವುದಿಲ್ಲ.

ಸಂಜೆನಡಿಗೆ:
ಅಮ್ಮ ಮಂಡಿನೋವಿಗೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾರಾ? ನಮ್ಮ ಅತ್ತೆಗೆ ಅದರಿಂದಲೇ ಆದದ್ದು.

ಮಳೆಗಾಲ:
ಹೌದು! ಡೈಕ್ಲೋಫೆನಾಕ್. ವಾರಕ್ಕೆ ಮೂರು ನಾಲ್ಕು ಸಲ. ಅದನ್ನು ಬರೆಯಬೇಕು ಅಂತ ಹೊಳೆಯಲೇ ಇಲ್ಲ.

ಬಿಳಿಕೋಟು:
ಸಂಜೆನಡಿಗೆ ಅವರೇ, ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ, ಧನ್ಯವಾದ. ಅದನ್ನು ನಿಲ್ಲಿಸಿ, ನಿಮ್ಮ ವೈದ್ಯರ ಹತ್ತಿರ ನೋವಿಗೆ ಬೇರೆ ದಾರಿ ಕೇಳಿ. ಕಿಡ್ನಿಗೆ ರಕ್ತ ಹೋಗುವ ನಾಳ ಹಿಗ್ಗಿಸುವ ವಸ್ತುವನ್ನೇ ಆ ಗುಂಪಿನ ಮಾತ್ರೆಗಳು ತಡೆಯುತ್ತವೆ. ಬಿಪಿಯನ್ನೂ ಏರಿಸುತ್ತವೆ. ಮೂರು ತಿಂಗಳು ಬಿಟ್ಟು ರಕ್ತ ಮತ್ತು ಎಸಿಆರ್ ಎರಡೂ ಮಾಡಿಸಿ ಇಲ್ಲಿ ಬರೆಯಿರಿ.

ಮೂರು ತಿಂಗಳ ನಂತರ

ಮಳೆಗಾಲ:
ಬಂದೆ. ಕ್ರಿಯಾಟಿನಿನ್ 0.98, ಇಜಿಎಫ್‌ಆರ್ 64. ಗೆರೆಯ ಮೇಲೆ! ಆದರೆ ಎಸಿಆರ್ 48 ಬಂದಿದೆ. 30ರ ಒಳಗೆ ಇರಬೇಕಂತೆ. ಖುಷಿಪಡಲೋ ಹೆದರಲೋ ಗೊತ್ತಾಗುತ್ತಿಲ್ಲ.

ಸಂಜೆನಡಿಗೆ:
64 ಬಂತಲ್ಲ, ಮಂಡಿ ಮಾತ್ರೆ ಬಿಟ್ಟದ್ದು ಒಳ್ಳೆಯದಾಯಿತು.

ಅಂಕಿಬುಕ್ಕು:
ಆ ಕೋಷ್ಟಕ ನೋಡಿ. 59 ಇದ್ದು ಎಸಿಆರ್ ಚೆನ್ನಾಗಿದ್ದರೆ ಹಳದಿ ಮನೆ. 64 ಇದ್ದು ಎಸಿಆರ್ 48 ಇದ್ದರೂ ಹಳದಿ ಮನೆಯೇ. ರಕ್ತದ ಸಾಲು ಮಾತ್ರ ನೋಡಿದ್ದರೆ ಈ ಸಲ ಕೆಂಪು ಬಣ್ಣ ಇಲ್ಲ, ಎಲ್ಲ ಸರಿ ಅಂತ ಮನೆಗೆ ಬರುತ್ತಿದ್ದಿರಿ.

ಬಿಳಿಕೋಟು:
ಹೆದರಬೇಡಿ, ಸುಮ್ಮನೆಯೂ ಇರಬೇಡಿ. ಒಂದೇ ಎಸಿಆರ್‌ನಿಂದ ಏನೂ ನಿರ್ಧಾರ ಮಾಡುವುದಿಲ್ಲ, ಮತ್ತೆ ಮಾಡಿಸಬೇಕು. ಅದರಲ್ಲೂ ಹೀಗೇ ಬಂದರೆ ಬಿಪಿ ಮಾತ್ರೆಯನ್ನು ಅಲ್ಬುಮಿನ್ ಸೋರುವುದನ್ನೂ ತಗ್ಗಿಸುವ ಗುಂಪಿಗೆ ಬದಲಾಯಿಸಬಹುದು. ಹೆಸರು ‘ಪ್ರಿಲ್’ ಅಂತಲೋ ‘ಸಾರ್ಟಾನ್’ ಅಂತಲೋ ಮುಗಿಯುವ ಮಾತ್ರೆಗಳು. ಅದನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು. ಶುರು ಮಾಡಿ ಎರಡರಿಂದ ನಾಲ್ಕು ವಾರದೊಳಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಬೇಕು. ಇದಕ್ಕೆ ಒಳ್ಳೆಯ ಔಷಧ ಇದೆ, ಇನ್ನೂ ತಡ ಆಗಿಲ್ಲ.

ಪ್ರಶ್ನಾರ್ಥಕ:
ನಾನು ಮೊದಲ ದಿನ ‘ಕೆಂಪು ಬಣ್ಣವೇ ಬೇಡ’ ಅಂದಿದ್ದೆ. ಎಸಿಆರ್ ಮಾಡಿಸದೆ ಹಾಗೆ ಹೇಳಬಾರದಿತ್ತು. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗೆರೆಯ ತಕರಾರು ಮಾತ್ರ ಹಾಗೇ ಇದೆ.

ಲ್ಯಾಬ್_ಕಿಟಕಿ:
ಎದ್ದ ಕೂಡಲೇ ಬರುವ ಮೊದಲ ಮೂತ್ರ ಕೊಡಿ. ಹಿಂದಿನ ದಿನ ತುಂಬಾ ಆಯಾಸದ ಕೆಲಸ ಬೇಡ. ಜ್ವರ ಅಥವಾ ಮೂತ್ರದ ಉರಿ ಇದ್ದರೆ ಆ ವಾರ ಬಿಟ್ಟುಬಿಡಿ, ಸುಳ್ಳು ಸುಳ್ಳೇ ಏರುತ್ತೆ.

ಮಳೆಗಾಲ:
ಆಯಿತು, ನಾಳೆ ಬೆಳಿಗ್ಗೆಯೇ ಕೊಡುತ್ತೇವೆ. ಅಮ್ಮನಿಗೆ ಎಲ್ಲ ಹೇಳಿದೆ. ಮೊದಲು ಡಬ್ಬಿ ನೋಡಿ ಮುಖ ಸಿಂಡರಿಸಿದರು. ಆಮೇಲೆ ಹಳೇಸರ್ವೆ ಅವರು ಬರೆದ ಆ ನಗರದ ವಿಷಯ ಓದಿ ಹೇಳಿದೆ. ‘ನಲವತ್ತು ಸಾವಿರ ಜನ ಕಳಿಸಿದರಾ?’ ಅಂತ ಎರಡು ಸಲ ಕೇಳಿದರು. ಈಗ ಡಬ್ಬಿಯನ್ನು ಬಚ್ಚಲುಮನೆಯ ಕಿಟಕಿಯಲ್ಲಿ ಇಟ್ಟುಕೊಂಡು ಮಲಗಿದ್ದಾರೆ.